ಬಿಟ್ಟ ಮೆಟ್ಟಿಲಿನಿಂದಲೇ ಮುಂದಕ್ಕೆ

ಸರ್ಕಾರಿ ಶಾಲೆಯ ನಲಿ-ಕಲಿ ಕೋಣೆಗೆ ಮೊದಲ ಸಲ ಕಾಲಿಟ್ಟವರಿಗೆ ಪಾಠ ಎಲ್ಲಿ ನಡೆಯುತ್ತಿದೆ ಎಂಬುದೇ ತಿಳಿಯುವುದಿಲ್ಲ. ಮುಂದಿನ ಬೆಂಚಿಲ್ಲ, ಆದ್ದರಿಂದ ಹಿಂದಿನ ಬೆಂಚೂ ಇಲ್ಲ. ಒಂದರಿಂದ ಮೂರನೇ ತರಗತಿಯವರೆಗಿನ ಮಕ್ಕಳು ಬೆರೆತು, ಗುಂಪುಗುಂಪಾಗಿ ಕುಳಿತಿರುತ್ತಾರೆ. ಒಂದು ಗುಂಪಿಗೆ ಮೇಷ್ಟ್ರು ಪೂರ್ತಿ ಬೇಕು, ಇನ್ನೊಂದಕ್ಕೆ ಅಷ್ಟಿಷ್ಟು ಸಾಕು, ಮತ್ತೊಂದರಲ್ಲಿ ಗೆಳೆಯರೇ ಗುರುಗಳು. ಕೆಲವರು ತಮ್ಮ ಪಾಡಿಗೆ ತಾವೇ ಕಲಿಯುತ್ತಿರುತ್ತಾರೆ.

1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಪ್ರೇರಣೆ ಮತ್ತು ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿಯಿದು. ಅದರ ಹಿಂದಿನ ವರ್ಷವಷ್ಟೇ ಸ್ಪೇನಿನ ಸಲಮಾಂಕಾದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು, ಮಗುವಿಗೆ ತಕ್ಕಂತೆ ಶಾಲೆಯೇ ಬದಲಾಗಬೇಕು ಎಂಬ ಘೋಷಣೆ ಹೊರಡಿಸಿದ್ದರು. ಹೆಗ್ಗಡದೇವನಕೋಟೆಯ ಮೇಷ್ಟ್ರುಗಳ ಕಷ್ಟ ಅಷ್ಟು ದೊಡ್ಡ ಮಾತಿನದಲ್ಲ. ಒಬ್ಬರೇ ಎರಡು ಮೂರು ತರಗತಿ ನೋಡಿಕೊಳ್ಳಬೇಕು. ಅಪ್ಪ-ಅಮ್ಮ ಕೊಡಗಿನ ತೋಟಕ್ಕೆ ಕೂಲಿಗೆ ಹೊರಟರೆ ಮಕ್ಕಳೂ ಹೊರಟುಬಿಡುತ್ತಾರೆ.

ಮಾಮೂಲಿ ತರಗತಿಯಲ್ಲಿ ಹೀಗೆ ಹೋಗಿಬಂದ ಮಗುವಿಗೆ ಸಿಗುವುದು ಒಂದೇ ಬಿರುದು, ದಡ್ಡ. ಪಾಠ ಆಗಲೇ ಮುಂದೆ ಹೋಗಿರುತ್ತದೆ. ನಲಿ-ಕಲಿಯಲ್ಲಿ ಕಲಿಕಾ ಏಣಿ ಇದೆ, ಪಾಠವನ್ನು ಕಾರ್ಡುಗಳಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಕ್ರಮ. ಮಗು ಯಾವ ಮೆಟ್ಟಿಲಲ್ಲಿ ಬಿಟ್ಟು ಹೋಗಿತ್ತೋ ಅಲ್ಲಿಂದಲೇ ಮುಂದುವರಿಯುತ್ತದೆ. ಇಡೀ ತರಗತಿ ಒಂದೇ ದಿನ ಒಂದೇ ಪುಟದಲ್ಲಿರಬೇಕು ಎಂಬ ಹಟವನ್ನು ಬಿಡುವುದು. ಎಲ್ಲ ಬಗೆಯ ಮಕ್ಕಳೂ ಒಟ್ಟಿಗೇ ಕಲಿಯಬೇಕು ಎನ್ನುವ ಸಮನ್ವಯ ಶಿಕ್ಷಣದ ತತ್ವವೆಲ್ಲ ಇರುವುದು ಇಲ್ಲೇ ಎಂದು ನನಗನಿಸುತ್ತದೆ. ದಾಖಲಾತಿ ಕೊಟ್ಟು ಮೂಲೆಯಲ್ಲಿ ಕೂರಿಸುವುದಕ್ಕೆ ಯಾವ ತತ್ವವೂ ಬೇಕಿಲ್ಲ.

ಅಕ್ಷರ ಕಲಿಸುವ ಕ್ರಮವೂ ಬೇರೆ. ಇಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಈ ಐದರಲ್ಲೇ ಸರ, ಅರಸ, ಅಗಸ ಹುಟ್ಟುತ್ತವೆ. ಮಗು ಮೊದಲ ವಾರಗಳಲ್ಲೇ ಓದುಗನಾಗುತ್ತದೆ. ಅ ಆ ಇ ಈ ಕೇಳದೆ ಅಜ್ಜಂದಿರು ಕಂಗಾಲಾದರೆ ಆಗಲಿ.

2009-10ರಲ್ಲಿ ನಲಿ-ಕಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ‘ಬರೀ ಆಟ ಆಡಿಸ್ತಾರೆ’ ಎಂದು ಪೋಷಕರು, ‘ದಾಖಲೆ ತುಂಬೋದೇ ಆಯ್ತು’ ಎಂದು ಶಿಕ್ಷಕರು ಗೊಣಗುತ್ತಾರೆ. ಎರಡರಲ್ಲೂ ಸ್ವಲ್ಪ ಹುರುಳಿದೆ. ಆದರೆ ನನ್ನ ತಕರಾರು ನಾಲ್ಕನೇ ತರಗತಿಯದು. ಅಲ್ಲಿಗೆ ಏಣಿ ಮುಗಿಯುತ್ತದೆ. ಜೂನ್‌ನಲ್ಲಿ ಎಲ್ಲರೂ ಒಂದನೇ ಪಾಠ, ಒಂದೇ ಪುಟ.

ಇನ್ನೊಂದು ಕೊರತೆ ಇದಕ್ಕಿಂತ ಗಂಭೀರ. ನಲಿ-ಕಲಿಯ ಕಾರ್ಡುಗಳೆಲ್ಲ ಚಿತ್ರಮಯ. ಕಣ್ಣು ಕಾಣದ ಮಗುವಿಗೆ ಅವು ಬರೀ ರಟ್ಟು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಇಂಥ ಮಕ್ಕಳು ಉಳಿದವರ ಜೊತೆಗೇ ಕಲಿಯುವಂತೆ ನೋಡಿಕೊಳ್ಳುವ ಹೊಣೆಯನ್ನು ಶಾಲೆಗಳಿಗೆ ಹೊರಿಸಿದೆ. ನಮ್ಮಲ್ಲಿ ಅದು ಹೆಚ್ಚಾಗಿ ಬಾಗಿಲ ಇಳಿಜಾರಿಗೇ ನಿಂತಿದೆ. ಇಂಥ ಮಕ್ಕಳಿಗೆಂದೇ ತಾಲ್ಲೂಕಿಗೆ ಬೆರಳೆಣಿಕೆಯಷ್ಟಿರುವ ಸಮನ್ವಯ ಶಿಕ್ಷಣ ಸಂಪನ್ಮೂಲ ಶಿಕ್ಷಕರು (ಬಿಐಇಆರ್‌ಟಿ) ಶಾಲೆಯಿಂದ ಶಾಲೆಗೆ, ಮನೆಯಿಂದ ಮನೆಗೆ ಓಡಾಡುವುದರಲ್ಲೇ ಸುಸ್ತಾಗುತ್ತಾರೆ. ಮುಂದಿನ ಸಲ ಕಾರ್ಡುಗಳನ್ನು ಹೊಸದಾಗಿ ರೂಪಿಸುವಾಗ ಅವರನ್ನೂ ಕೂರಿಸಿಕೊಳ್ಳಲಿ. ಏಣಿ ಹೇಗೂ ಇದೆ. ಬೆರಳಿಗೆ ತಾಗುವ ಉಬ್ಬುಗೆರೆ, ಬ್ರೈಲ್ ಚುಕ್ಕಿ, ಕಿವಿಗೆ ಕೇಳುವ ಪಾಠಗಳನ್ನು ಅದಕ್ಕೆ ಜೋಡಿಸುವ ಕೆಲಸ ಬಾಕಿ.