ಸಾಲು ತಪ್ಪಿಸುವ ಚೀಟಿ: ಪುಕ್ಕಟೆಯೋ, ಕಾಸಿಗೋ?

ಪ್ರಶ್ನೆ: ಡಿಸ್ನಿ ಪಾರ್ಕಿನಲ್ಲಿ ಹಿಂದೆ ಪುಕ್ಕಟೆಯಾಗಿದ್ದ ಫಾಸ್ಟ್‌ಪಾಸ್ ಸೌಲಭ್ಯಕ್ಕೆ ಈಗ ದುಡ್ಡು ಕೊಡಬೇಕಂತೆ. ಕೊಡದವರ ಗತಿಯೇನು?

ಉತ್ತರ: ಕಾಯುವುದೇ! ಆದರೆ ಪುಕ್ಕಟೆಯಿದ್ದಾಗಲೂ ಅವರು ಕಾಯುತ್ತಲೇ ಇದ್ದರು. ಫ್ಲಾರಿಡಾದ ಡಿಸ್ನಿ ವರ್ಲ್ಡ್‌ನಲ್ಲಿ ಫಾಸ್ಟ್‌ಪಾಸ್ ಶುರುವಾದದ್ದು 1999ರಲ್ಲಿ. ಯಂತ್ರಕ್ಕೆ ಟಿಕೆಟ್ ತೋರಿಸಿದರೆ ಹೊತ್ತು ನಮೂದಿಸಿದ ಚೀಟಿ ಬರುತ್ತಿತ್ತು. ಆ ಹೊತ್ತಿಗೆ ಹೋದರೆ ಬೇರೆಯದೇ ಸಾಲು.

ಇದರಿಂದ ಆಟದ ಸಾಮರ್ಥ್ಯವೇನೂ ಹೆಚ್ಚುವುದಿಲ್ಲ. ಗಂಟೆಗೆ ಸಾವಿರ ಜನ ಹತ್ತಬಹುದಾದ ಆಟದಲ್ಲಿ ಏಳುನೂರು ಸೀಟು ಚೀಟಿಯವರಿಗೆ ಹೋದರೆ ಉಳಿದವರಿಗೆ ಮುನ್ನೂರೇ. ಪುಕ್ಕಟೆ ಎಂದಾಗ ಎಲ್ಲರೂ ಚೀಟಿಗೆ ಮುಗಿಬೀಳುತ್ತಾರೆ, ಮಾಮೂಲಿ ಸಾಲು ತೆವಳುತ್ತದೆ. ಬೇಗ ಎದ್ದು ಬಂದವರಿಗೆ, ಒಳಗುಟ್ಟು ಬಲ್ಲವರಿಗೆ ಮಾತ್ರ ಲಾಭ.

2021ರಲ್ಲಿ ಡಿಸ್ನಿ ಇದನ್ನು ಕೈಬಿಟ್ಟು, ತಲೆಗೆ ದಿನಕ್ಕೆ 15 ಡಾಲರಿನ ಜೀನಿ ಪ್ಲಸ್ ತಂದಿತು. ಆಮೇಲೆ ದಿನಕ್ಕೊಂದು ದರವಾಯಿತು. ದುಡ್ಡು ಕೊಡುವವರು ಕಡಿಮೆಯಾದರೆ ಮಾಮೂಲಿ ಸಾಲು ಚುರುಕಾಗಬೇಕು, ಲೆಕ್ಕದಲ್ಲಿ ಸರಿ. ಆದರೆ ಸಾಲು ಉದ್ದವಿದ್ದಷ್ಟೂ ಚೀಟಿಗೆ ಗಿರಾಕಿ ಹೆಚ್ಚು. ಹೀಗಿರುವಾಗ ಸಾಲನ್ನು ಮೊಟಕು ಮಾಡುವ ಆತುರ ಮಾಲೀಕನಿಗೆ ಎಲ್ಲಿಂದ ಬರಬೇಕು? ನನ್ನ ತಕರಾರು ಇರುವುದು ಇಲ್ಲೇ.

ತಿರುಪತಿಯಲ್ಲಿ 300 ರೂಪಾಯಿಯ ದರ್ಶನ ಕಂಡ ನಮಗೆ ಇದು ಹೊಸತಲ್ಲ ಬಿಡಿ. ಬಿಡದಿ ಬಳಿಯ ವಂಡರ್‌ಲಾದಲ್ಲೂ ಹೆಚ್ಚಿನ ದರಕ್ಕೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ ಸಿಗುತ್ತದೆ. ಶಾಲೆಗೆ ರಜೆಯಿಲ್ಲದ ವಾರದ ದಿನ, ಬಾಗಿಲು ತೆರೆಯುವ ಹೊತ್ತಿಗೇ ಹೋಗುವುದಾದರೆ ಆ ದುಡ್ಡನ್ನು ಊಟಕ್ಕೆ ಉಳಿಸಿಕೊಳ್ಳಿ.