ಗಾಳದ ಓಲೆ

ಕೆಲವು ದಿನಗಳ ಹಿಂದೆ ಜಾವಗಲ್ಲಿನಲ್ಲಿ ನಮ್ಮ ಅತ್ತಿಗೆಯವರು ಮೊಬೈಲನ್ನು ನನ್ನ ಮುಂದೆ ಹಿಡಿದು, "ಇದು ನಿಜವೇ, ಸ್ವಲ್ಪ ನೋಡಪ್ಪ" ಎಂದರು. ಅವರು ನಿವೃತ್ತ ಶಿಕ್ಷಕಿ. ಜೀವಮಾನದ ಉಳಿತಾಯವೆಲ್ಲ ಬ್ಯಾಂಕಿನಲ್ಲಿದೆ. ಬಂದಿದ್ದುದು ಒಂದು ಈ-ಮೇಲ್. ಬ್ಯಾಂಕಿನ ಲಾಂಛನವಿತ್ತು, ವಿನಯದ ಒಕ್ಕಣೆಯಿತ್ತು. ಇಂದು ಸಂಜೆಯೊಳಗೆ ಕೆವೈಸಿ ನವೀಕರಿಸದಿದ್ದರೆ ಖಾತೆ ಸ್ಥಗಿತವಾಗುವುದೆಂಬ ಎಚ್ಚರಿಕೆಯೂ, ಒತ್ತಲು ಒಂದು ಕೊಂಡಿಯೂ ಇದ್ದವು.

ಇದಕ್ಕೆ 'ಫಿಶಿಂಗ್' ಎಂದು ಹೆಸರು; ಗಾಳ ಹಾಕುವುದೆಂದೇ ಭಾವ. ಸಿಕ್ಕಿಬೀಳುವವರೆಲ್ಲ ದಡ್ಡರಲ್ಲ. ಇಲ್ಲಿ ಎರೆಯೆಂದರೆ ಆಸೆಗಿಂತ ಹೆಚ್ಚಾಗಿ ಅವಸರ. ಕೊಂಡಿ ಒತ್ತಿದೊಡನೆ ಬ್ಯಾಂಕಿನದೇ ಎನ್ನುವಂಥ ಪುಟ ತೆರೆಯುತ್ತದೆ. ಅಲ್ಲಿ ಬರೆದ ಪಾಸ್‌ವರ್ಡ್, ಓಟಿಪಿಗಳು ಕಳ್ಳನ ಕೈ ಸೇರುತ್ತವೆ. ಅವನು ಅವನ್ನೇ ನಿಜವಾದ ಬ್ಯಾಂಕಿನ ಬಾಗಿಲಿಗೆ ಹಾಕಿ ತೆರೆಯುತ್ತಾನೆ.

ಗುರುತಿಸುವುದು ಹೇಗೆ? ಜಾವಗಲ್ಲಿನ ಲಕ್ಷ್ಮೀನರಸಿಂಹ ದೇವಾಲಯದ ಶಿಲ್ಪಗಳಲ್ಲಿ ಮಲ್ಲಿತಮ್ಮನ ಅಂಕಿತವುಂಟು. ಮೂರ್ತಿಯ ಚೆಲುವಿಗೆ ಮನಸೋತವರು ಪೀಠದ ಅಕ್ಷರವನ್ನು ಗಮನಿಸುವುದು ಅಪರೂಪ. ಈ-ಮೇಲಿನಲ್ಲೂ ಲಾಂಛನವನ್ನು ಬಿಟ್ಟು ವಿಳಾಸವನ್ನು ಓದಬೇಕು. ಮೇಲೆ ಕಾಣುವ ಹೆಸರನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ನಮ್ಮ ಬ್ಯಾಂಕುಗಳ ಜಾಲತಾಣಗಳು 2025ರ ಅಕ್ಟೋಬರ್ 31ರೊಳಗೆ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕು ಆದೇಶಿಸಿತು. ಬ್ಯಾಂಕುಗಳಲ್ಲದವರಿಗೆ ಅದು ದೊರೆಯುವುದಿಲ್ಲ. ಆದರೆ ಆ ಪದಗಳು ತಾಣದ ಹೆಸರಿನ ತುದಿಯಲ್ಲಿರಬೇಕು. ಅವುಗಳ ಮುಂದೆ ಚುಕ್ಕಿಯಿಟ್ಟು ಮತ್ತೊಂದು ಹೆಸರು ಸೇರಿದ್ದರೆ ಆ ಮನೆ ಬೇರೆಯವರದು.

ಕಳುಹಿಸಿದವರ ವಿಳಾಸವನ್ನೂ ನಕಲು ಮಾಡುವ ಚತುರರಿದ್ದಾರೆ. ಆದ್ದರಿಂದ ಅಂಚೆಯಲ್ಲಿ ಬಂದ ಕೊಂಡಿಯನ್ನು ಒತ್ತದಿರುವುದೇ ಕ್ಷೇಮ. ಬ್ಯಾಂಕಿನ ವಿಳಾಸವನ್ನು ನಾವೇ ಬರೆದು ತೆರೆಯೋಣ, ಇಲ್ಲವೇ ಶಾಖೆಗೆ ಹೋಗಿ ವಿಚಾರಿಸೋಣ. ಓಟಿಪಿಯನ್ನು ಬ್ಯಾಂಕಿನವರೆಂದರೂ ಹೇಳಕೂಡದು.

ಮೋಸ ಹೋದವರು ನಾಚಿಕೆಯಿಂದ ಸುಮ್ಮನಿರಬಾರದು. ಕೂಡಲೇ ಬ್ಯಾಂಕಿಗೂ 1930 ಎಂಬ ಸಹಾಯವಾಣಿಗೂ ತಿಳಿಸಬೇಕು. ಹಣ ಕೈಯಿಂದ ಕೈಗೆ ದಾಟುವ ಮೊದಲೇ ತಡೆಯುವ ಅವಕಾಶ ಆಗ ಹೆಚ್ಚು. ಗ್ರಾಹಕನು ಗುಟ್ಟು ಬಿಟ್ಟುಕೊಟ್ಟಿದ್ದರೆ ದೂರಿನವರೆಗಿನ ನಷ್ಟ ಅವನದು, ಅನಂತರದ್ದು ಬ್ಯಾಂಕಿನದು ಎಂದು ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆ ವಿಧಿಸಿತ್ತು. ಮೌನಕ್ಕೆ ಬೆಲೆ ತೆರಬೇಕಾಗುತ್ತದೆ.

ಅತ್ತಿಗೆಯವರು ಕೊಂಡಿ ಒತ್ತಲಿಲ್ಲ. ಮರುದಿನ ಶಾಖೆಗೆ ಹೋಗಿ ಕೇಳಿದರು. ಅಂಥ ಓಲೆಯನ್ನು ಬ್ಯಾಂಕು ಕಳುಹಿಸಿಯೇ ಇರಲಿಲ್ಲ. "ಮಕ್ಕಳಿಗೆ ಪ್ರಶ್ನೆಯನ್ನು ಎರಡು ಸಲ ಓದಿ ಎನ್ನುತ್ತಿದ್ದೆ, ನಾನೇ ಮರೆತಿದ್ದೆ ನೋಡು" ಎಂದು ನಕ್ಕರು.