ಸುರಂಗದ ಹೊಗೆ ಎಲ್ಲಿಗೆ ಹೋಯಿತು?

ಲಂಡನ್ನಿನ ನೀಸ್ಡನ್ ಎಂದರೆ ನಿಮಗೆ ಸ್ವಾಮಿನಾರಾಯಣ ಮಂದಿರ ನೆನಪಾಗಬಹುದು. ಅದೇ ನೀಸ್ಡನ್ನಿನ ರೈಲು ಡಿಪೋ ಪಕ್ಕದಲ್ಲಿ ಒಂದು ಕಾಲಕ್ಕೆ ದೊಡ್ಡ ವಿದ್ಯುತ್ ಸ್ಥಾವರವಿತ್ತು. ಇಂದಿನ ಮಾತು ಅದರ ಬಗ್ಗೆ.

ಜಗತ್ತಿನ ಮೊದಲ ನೆಲದಡಿಯ ರೈಲು ಲಂಡನ್ನಿನ ಮೆಟ್ರೊಪಾಲಿಟನ್ ರೈಲ್ವೆಯದು. 1863ರಲ್ಲಿ ಶುರುವಾದ ಅದನ್ನು ಎಳೆಯುತ್ತಿದ್ದುದು ಉಗಿ ಎಂಜಿನ್. ಸುರಂಗದ ತುಂಬ ಹೊಗೆ, ಮಸಿ, ಗಂಧಕದ ಘಾಟು. ಜನ ನಾಲ್ಕು ದಶಕ ಹೀಗೇ ಓಡಾಡಿದರು.

ಪರಿಹಾರ ವಿದ್ಯುತ್ ರೈಲು. ಆದರೆ ದೇಶಕ್ಕೆಲ್ಲ ಕರೆಂಟು ಹಂಚುವ ಗ್ರಿಡ್ ಆಗ ಇರಲಿಲ್ಲ. ಹಾಗಾಗಿ ಕಂಪನಿ ತನಗೆ ಬೇಕಾದ ಕರೆಂಟನ್ನು ತಾನೇ ತಯಾರಿಸಲು ನೀಸ್ಡನ್‌ನಲ್ಲಿ 10.5 ಮೆಗಾವಾಟ್ ಸ್ಥಾವರ ಕಟ್ಟಿತು. 1904ರ ಡಿಸೆಂಬರ್‌ನಲ್ಲಿ ಅದು ಸಿದ್ಧವಾಯಿತು. ಕಲ್ಲಿದ್ದಲು ಉರಿಸಿ, ಉಗಿಯಿಂದ ಟರ್ಬೈನ್ ತಿರುಗಿಸಿ, 11,000 ವೋಲ್ಟಿನ ಎಸಿ ಕರೆಂಟು ತಯಾರಿಸುತ್ತಿದ್ದರು. ದಾರಿಯುದ್ದದ ಸಬ್‌ಸ್ಟೇಷನ್‌ಗಳಲ್ಲಿ ಅದು 600 ವೋಲ್ಟಿನ ಡಿಸಿ ಆಗಿ ಹಳಿಗೆ ಸೇರುತ್ತಿತ್ತು. 1905ರ ಜನವರಿ 1ರಂದು ಬೇಕರ್ ಸ್ಟ್ರೀಟ್–ಅಕ್ಸ್‌ಬ್ರಿಜ್ ದಾರಿಯಲ್ಲಿ ವಿದ್ಯುತ್ ರೈಲು ಓಡಿತು.

1968ರಲ್ಲಿ ನೀಸ್ಡನ್ ಸ್ಥಾವರ ಮುಚ್ಚಿತು. ಲಾಟ್ಸ್ ರೋಡ್ ಮತ್ತು ಗ್ರೀನಿಚ್ ಸ್ಥಾವರಗಳು ಅದರ ಹೊರೆ ಹೊತ್ತವು. ಆಮೇಲೆ ಕಟ್ಟಡವನ್ನು ಕೆಡವಿದರು.

ಒಂದು ವಿಷಯ ಗಮನಿಸಿ. ಸುರಂಗದ ಹೊಗೆ ಮಾಯವಾಗಲಿಲ್ಲ, ನೀಸ್ಡನ್ನಿನ ಚಿಮಣಿಗೆ ಜಾಗ ಬದಲಾಯಿಸಿತು. ಪ್ರಯಾಣಿಕರಿಗೆ ಒಳ್ಳೆಯ ಗಾಳಿ ಸಿಕ್ಕಿತು, ಮಸಿಯ ಪಾಲು ಸ್ಥಾವರದ ನೆರೆಯವರಿಗೆ ಬಂತು. ನಾಳೆ ನೀವು ಎಲೆಕ್ಟ್ರಿಕ್ ಕಾರು ಕೊಳ್ಳುವಾಗ "ಹೊಗೆ ಇಲ್ಲ" ಎಂದು ಯಾರಾದರೂ ಹೇಳಿದರೆ, "ಕರೆಂಟು ಎಲ್ಲಿಂದ ಬರುತ್ತೆ?" ಅಂತ ಒಮ್ಮೆ ಕೇಳಿ ನೋಡಿ.